ಅವ್ವನಿಗೊಂದು ಗೋಡೆ

ಸಾಯುವವರಿಗೆ ಬಾಡಿಗೆ ಮನೆ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಇಷ್ಟು ವರ್ಷ ಬಾಳ್ವೆ ಮಾಡಿಯೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ನಾಯಿ ಸಾಕಿದವರಿಗೆ ಸಿಗುವುದಿಲ್ಲ, ಮಾಂಸ ತಿನ್ನುವವರಿಗೆ ಸಿಗುವುದಿಲ್ಲ, ಮದುವೆಯಾಗದ ಹುಡುಗರಿಗೆ ಸಿಗುವುದಿಲ್ಲ ಎಂಬುದೆಲ್ಲ ಗೊತ್ತಿತ್ತು. ಅವ್ವ ಹಾಸಿಗೆ ಹಿಡಿದ ಮೇಲೆ ಇದೊಂದು ಹೊಸದಾಗಿ ತಿಳಿಯಿತು.

ನಾವಿರುವುದು ಬೈಯಪ್ಪನಹಳ್ಳಿಯಲ್ಲಿ, ಮೆಟ್ರೊ ನಿಲ್ದಾಣದ ಹಿಂಬದಿಯ ಗಲ್ಲಿಯೊಂದರಲ್ಲಿ. ಮೇಲಿನ ಮಹಡಿಗಳಲ್ಲೆಲ್ಲ ಬಾಡಿಗೆ ಮನೆಗಳು, ಕೆಳಗೆ ಕಟ್ಟಡದ ಯಜಮಾನತಿ ಮತ್ತು ಅವರ ಮಗ. ಆಕೆಯನ್ನು ಗಲ್ಲಿಯವರೆಲ್ಲ ಓನರಮ್ಮ ಎನ್ನುತ್ತಾರೆ, ನಾನೂ ಹಾಗೆಯೇ ಎನ್ನುತ್ತೇನೆ. ಆಕೆ ನನ್ನನ್ನು ಮಿಸ್ಸು ಎನ್ನುತ್ತಾರೆ, ಏಕೆಂದರೆ ನಾನು ಶಿವಾಜಿನಗರದ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುತ್ತೇನೆ. ಗಂಡ ಕ್ಯಾಬ್ ಓಡಿಸುತ್ತಾರೆ, ಆಫೀಸಿನವರನ್ನು ರಾತ್ರಿ ಪಾಳಿಗೆ ಬಿಟ್ಟು ಬೆಳಗ್ಗೆ ಮನೆಗೆ ಬರುತ್ತಾರೆ. ನಮ್ಮದು ಯಾದಗಿರಿ ಕಡೆ. ತಮ್ಮನೊಬ್ಬ ದೋಹಾದಲ್ಲಿ ಎಸಿ ಕೂರಿಸುವ ಕೆಲಸದಲ್ಲಿದ್ದಾನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಳು.

ಅವ್ವ ಜೀವಮಾನವಿಡೀ ಗುಳೆ ಹೋದವಳು. ಊರಲ್ಲಿ ಕೂಲಿ ಇಲ್ಲದ ತಿಂಗಳುಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ದೊಡ್ಡ ಊರಿಗೆ ದುಡಿಯಲು ಹೋಗುವುದಕ್ಕೆ ನಮ್ಮ ಕಡೆ ಗುಳೆ ಎನ್ನುತ್ತಾರೆ. ಹೈದರಾಬಾದು, ಪುಣೆ, ಆಮೇಲೆ ಬೆಂಗಳೂರು. ನನ್ನನ್ನು ಹಾಸ್ಟೆಲಿಗೆ ಹಾಕಿ ಅಪ್ಪ ಅವ್ವ ಇಟ್ಟಿಗೆ ಹೊತ್ತರು. ಕಟ್ಟುತ್ತಿರುವ ಕಟ್ಟಡದ ಪಕ್ಕದಲ್ಲೇ ತಗಡಿನ ಗುಡಿಸಲು, ಕಟ್ಟಡ ಮುಗಿದರೆ ಗುಡಿಸಲೂ ಮುಗಿಯಿತು. ಅವಳನ್ನು ಸ್ಕ್ಯಾನಿಂಗಿಗೆ ಆಟೊದಲ್ಲಿ ಇಂದಿರಾನಗರಕ್ಕೆ ಕರೆದುಕೊಂಡು ಹೋಗುವಾಗ ಅವಳು ಸೀರೆಯ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೊರಗೆ ಕೈ ತೋರಿಸಿ, ಅದು ನನ್ನ ಮನಿ ನೋಡು, ಎನ್ನುತ್ತಿದ್ದಳು. ಕೆಳಗೆ ಕಾಫಿ ಹೋಟೆಲು, ಮೇಲೆ ಗಾಜಿನ ಬಾಲ್ಕನಿ ಇರುವ ಮನೆ. ಅದಕ್ಕೆ ಅವಳು ಗಾರೆ ಹೊತ್ತಿದ್ದಳಂತೆ. ಆ ಮನೆಯವರು ಹೊರಗೆ ಬಂದು ನೋಡಿದ್ದರೆ ಭಿಕ್ಷುಕಿ ಎಂದುಕೊಳ್ಳುತ್ತಿದ್ದರೇನೋ. ನಾನು ಹ್ಞೂಂ ಅವ್ವಾ, ಛಲೋ ಕಟ್ಟೀದಿ, ಎನ್ನುತ್ತಿದ್ದೆ.

ಸ್ಕ್ಯಾನಿಂಗ್ ನೋಡಿದ ಡಾಕ್ಟರು ಒಳ್ಳೆಯ ಮನುಷ್ಯರು. ಇನ್ನು ಆಸ್ಪತ್ರೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ನೋವಿಗೆ ಔಷಧಿ ಕೊಡುತ್ತೇನೆ, ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದರು. ನಾನು ತಲೆಯಾಡಿಸಿದೆ. ಮನೆಗೆ ಎಂಬ ಮಾತಿನಲ್ಲಿ ಇಷ್ಟು ತೊಡಕಿದೆ ಎಂದು ಆಗ ಹೊಳೆಯಲಿಲ್ಲ.

ಅವ್ವ ಹಾಸಿಗೆಯಿಂದ ಏಳುವುದು ನಿಂತ ವಾರವೇ ಓನರಮ್ಮ ಮೇಲೆ ಬಂದರು. ಕೈಯಲ್ಲಿ ಒಂದು ಡಬ್ಬಿ ಗಂಜಿ ಇತ್ತು. ಅವ್ವನ ಹಣೆ ಮುಟ್ಟಿದರು, ಏನಕ್ಕಾ ಹೆಂಗಿದೀಯ ಎಂದು ಕೇಳಿದರು, ಗಂಜಿಯನ್ನು ತಾವೇ ಒಂದೆರಡು ಚಮಚ ಕುಡಿಸಿದರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದರು. ಬಾಗಿಲು ಅರ್ಧ ಮುಚ್ಚಿ, ದನಿ ತಗ್ಗಿಸಿದರು.

"ತಪ್ಪು ತಿಳ್ಕೋಬೇಡಿ ಮಿಸ್ಸು. ನಿಮ್ಮಮ್ಮನ್ನ ಊರಿಗೆ ಕರ್ಕೊಂಡ್ ಹೋಗ್ಬಿಡಿ. ಇಲ್ಲಿ ಏನಾದ್ರೂ ಆಗ್ಬಿಟ್ರೆ ನಮ್ಗೆ ಕಷ್ಟ."

ಕಷ್ಟ ಏನೆಂದು ನನಗೆ ಗೊತ್ತಿತ್ತು. ಕೆಲವು ನಕ್ಷತ್ರಗಳಲ್ಲಿ ಜೀವ ಹೋದರೆ ಆ ಮನೆಗೆ ದೋಷ ತಗಲುತ್ತದೆ, ತಿಂಗಳುಗಟ್ಟಲೆ ಮನೆಯನ್ನು ಮುಚ್ಚಿ ಎಲ್ಲರೂ ಹೊರಗಿರಬೇಕು ಎಂಬುದು ನಂಬಿಕೆ. ಹಿಂದೊಮ್ಮೆ ಇದೇ ಕಟ್ಟಡದ ಮೊದಲ ಮಹಡಿಯಲ್ಲಿ ಬಾಡಿಗೆದಾರರೊಬ್ಬರು ಅಂಥ ನಕ್ಷತ್ರದಲ್ಲಿ ತೀರಿಹೋಗಿ, ಓನರಮ್ಮ ಮಗನನ್ನು ಕರೆದುಕೊಂಡು ಕೆ.ಆರ್. ಪುರದ ತಂಗಿಯ ಮನೆಯಲ್ಲಿ ಅರ್ಧ ವರ್ಷ ಕಳೆದಿದ್ದರಂತೆ. ಆ ಮೇಲೆ ಆ ಮನೆಗೆ ಯಾರೂ ಬರಲೊಲ್ಲರು. ದೀಪ ಹಚ್ಚಿ, ಹೋಮ ಮಾಡಿಸಿ, ಕೊನೆಗೆ ಹಿಂದಿ ಮಾತಾಡುವ ಹುಡುಗರಿಗೆ ಕೊಟ್ಟಿದ್ದರು. ಅವರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ನನ್ನ ಬಾಯಿ ಸ್ವಲ್ಪ ಜೋರು. ಶಾಲೆಯಲ್ಲಿ ಹೆಡ್ ಮೇಡಂ ಕೂಡ ನನಗೆ ಎದುರು ಮಾತಾಡುವ ಮೊದಲು ಎರಡು ಸಲ ಯೋಚಿಸುತ್ತಾರೆ. ಗಂಜಿ ಡಬ್ಬಿಯನ್ನು ತೊಳೆದು ಆಕೆಯ ಕೈಗೆ ಕೊಟ್ಟು, ಸಾವು ನಕ್ಷತ್ರ ನೋಡಿಕೊಂಡು ಬರುವುದಿಲ್ಲಮ್ಮ, ಎಂದೆ. ಆಕೆ ಸಿಟ್ಟಾಗಲಿಲ್ಲ, ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ನಿಮ್ಮಮ್ಮ ನನಗೂ ಅಕ್ಕ ಇದ್ದ ಹಾಗೆ, ಆದರೆ ನಾನು ಇರುವುದೂ ಇದೇ ಮನೆಯಲ್ಲಿ, ನನಗೂ ವಯಸ್ಸಾಯಿತು, ಇನ್ನೊಂದು ಸಲ ಮನೆ ಬಿಟ್ಟು ತಂಗಿಯ ಬಾಗಿಲಲ್ಲಿ ನಿಲ್ಲಲಾರೆ ಎಂದರು. ದಸರಾ ಹಬ್ಬ ಬರುತ್ತಿದೆ, ಅಷ್ಟರೊಳಗೆ ನೋಡಿ, ಎಂದು ಹೇಳಿ ನಿಧಾನಕ್ಕೆ ಮೆಟ್ಟಿಲಿಳಿದರು. ಮೊಣಕಾಲು ನೋವು ಆಕೆಗೆ.

ರಾತ್ರಿ ತಮ್ಮ ವಿಡಿಯೊ ಕರೆ ಮಾಡಿದಾಗ ಅವನಿಗೆ ಹೇಳಿದೆ. ಅವನೂ ಓನರಮ್ಮನ ಪಕ್ಷವೇ ಆಗಿಬಿಟ್ಟ. ಅವ್ವಗ ಊರಿಗಿ ಒಯ್ಯಿ ಅಕ್ಕಾ, ಆಕಿಗಿ ನಮ್ಮ ಮಣ್ಣಾಗ ಕಣ್ಣ ಮುಚ್ಚಬೇಕಂತ ಇರ್ತದ, ಎಂದು ಅತ್ತ. ಅವನ ಹಿಂದೆ ಕಬ್ಬಿಣದ ಮಂಚಗಳು, ಯಾರದೋ ಒಣಗಿಸಿದ ಲುಂಗಿ ಕಾಣುತ್ತಿತ್ತು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ದೂರದ ಊರು ಅದಕ್ಕಿಂತ ನುಣ್ಣಗೆ. ಮರಳುಗಾಡಿನಲ್ಲಿ ಕೂತವನಿಗೆ ನಮ್ಮ ಊರಿನ ಮನೆ ಅವನು ಬಿಟ್ಟು ಹೋದ ಹಾಗೆಯೇ ಇದೆ, ಅಂಗಳದಲ್ಲಿ ಬೇವಿನ ಮರ, ಬಾಗಿಲಲ್ಲಿ ಅವ್ವ. ನಾನು ಅವನನ್ನು ಬೈಯಬೇಕೆಂದುಕೊಂಡವಳು ಬೈಯಲಿಲ್ಲ. ಫೋನನ್ನು ಅವ್ವನ ಕೆನ್ನೆಗೆ ಹಿಡಿದೆ. ಅವಳಿಗೆ ಮುಖ ನೋಡುವುದಕ್ಕಿಂತ ಹಾಗೆ ಒತ್ತಿಕೊಳ್ಳುವುದೇ ಇಷ್ಟ. ಅವನಿಗೆ ಆ ಕಡೆ ಬರೀ ಕತ್ತಲು ಕಂಡಿರಬೇಕು.

ಮಾರನೆಯ ದಿನ ಊರಿಗೆ ಫೋನು ಹಚ್ಚಿದೆ. ಅಲ್ಲಿ ಇರುವವನು ದೊಡ್ಡಪ್ಪನ ಮಗ, ನನಗಿಂತ ಹಿರಿಯ, ಅಣ್ಣ ಎನ್ನುತ್ತೇನೆ. ನಾವಿದ್ದ ಮನೆಯ ವಿಷಯ ಕೇಳಿದೆ. ಹೋದ ಮಳೆಗಾಲದಲ್ಲಿ ಮಾಳಿಗೆ ಕುಸಿದಿದೆಯಂತೆ, ಹೇಳಿದರೆ ಅವ್ವ ನೊಂದಾಳು ಎಂದು ಹೇಳಿರಲಿಲ್ಲವಂತೆ. ಅವನ ಮನೆಯಲ್ಲಿ ಇಬ್ಬರು ಸೊಸೆಯರು, ಇರುವುದು ಎರಡೇ ಕೋಣೆ. ಅವನು ಹೇಳಿದ ಮಾತು ನನಗೆ ಇಂದಿಗೂ ಕಿವಿಯಲ್ಲಿದೆ.

"ಹೆಣ ತಂದ್ರ ಹೊಲದಾಗ ಜಾಗ ಅದ ತಂಗಿ. ಜೀವ ಇದ್ದಾಕಿಗಿ ಎಲ್ಲಿ ಇಡ್ಲಿ?"

ಮುಪ್ಪಿನವರನ್ನು ಕಂಡು, ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂದು ಹೇಳುವುದುಂಟು. ಅವ್ವನನ್ನು ಕಾಡು ಬಾ ಅನ್ನುತ್ತಿದ್ದದ್ದು ನಿಜ. ಆದರೆ ಹೋಗು ಅನ್ನುವ ಊರುಗಳು ಎರಡಾಗಿದ್ದವು.

ಅವ್ವನನ್ನೇ ಕೇಳಿಬಿಡೋಣ ಎಂದು ಒಂದು ಮಧ್ಯಾಹ್ನ ಅವಳ ಪಕ್ಕದಲ್ಲಿ ಕೂತೆ. ಔಷಧಿಯ ಮಂಪರಿನಿಂದ ಎದ್ದಾಗಲೆಲ್ಲ ಅವಳು ಇದು ಯಾರ ಮನಿ ಎಂದು ಕೇಳುತ್ತಿದ್ದಳು. ನಮ್ಮನಿ ಅವ್ವಾ ಎಂದರೆ, ಸುಳ್ಳ ಹೇಳಬ್ಯಾಡ, ನಮ್ಮನ್ಯಾಗ ಇಷ್ಟು ಕಿಟಕಿ ಎಲ್ಲಿದ್ವು ಎನ್ನುತ್ತಿದ್ದಳು. ಅವತ್ತು ಮಾತ್ರ ಬುದ್ಧಿ ತಿಳಿಯಾಗಿತ್ತು. ಊರಿಗೆ ಹೋಗೋಣವೇ ಎಂದು ಕೇಳಿದೆ. ಅವಳು ನನ್ನ ಬಳೆಗಳನ್ನು ಒಂದೊಂದಾಗಿ ಸರಿಸುತ್ತ ಮಲಗಿದ್ದಳು.

"ನಾ ಎಲ್ಲಿಗೂ ಬರಾಂಗಿಲ್ಲ. ಗಂಟ ಕಟ್ಟಿ ಬಿಚ್ಚಿ ಸಾಕಾಗ್ಯಾದ," ಎಂದಳು.

ಅಲ್ಲಿಗೆ ತೀರ್ಮಾನವಾಯಿತು. ಅವ್ವನಿಗೆ ಊರು ಬೇಕಿರಲಿಲ್ಲ, ಬೆಂಗಳೂರು ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಇನ್ನೊಮ್ಮೆ ಏಳದೆ ಇರುವುದು. ಅಷ್ಟನ್ನು ಕೊಡಲಾಗದಿದ್ದರೆ ನಾನು ಓದಿ, ಮಿಸ್ಸಾಗಿ, ಈ ಊರಲ್ಲಿ ಇಷ್ಟು ವರ್ಷ ದುಡಿದದ್ದೆಲ್ಲ ಯಾವ ಸೀಮೆಯ ಬದುಕು?

ಓನರಮ್ಮನ ಮನೆಯಲ್ಲಿ ಇರಬಾರದು ಎಂದಾದರೆ, ಅವ್ವ ನೆಮ್ಮದಿಯಾಗಿ ಮಲಗಬಹುದಾದ ಬೇರೆ ಮನೆಯನ್ನಾದರೂ ಹುಡುಕಬೇಕು. ಕೊನೆಯದೊಂದು ಸಲ ಅವಳನ್ನು ಎತ್ತಿ, ಕೊನೆಯದೊಂದು ಸಲ ಇಳಿಸುವುದು. ಶಾಲೆ ಬಿಟ್ಟ ಮೇಲೆ ಮನೆ ನೋಡಲು ಹೊರಟೆ. ಹಲಸೂರಿನ ಕೆರೆಯ ಹತ್ತಿರ ನೆಲಮಹಡಿಯಲ್ಲಿ ಒಂದು ಮನೆ ಇತ್ತು, ಗಾಳಿ ಬೆಳಕು ಚೆನ್ನಾಗಿತ್ತು. ಯಜಮಾನರು ತಮಿಳರು, ನನ್ನ ಕನ್ನಡ ಕೇಳಿ ಸಂತೋಷಪಟ್ಟು ಕಾಫಿ ಕೊಟ್ಟರು. ಎಷ್ಟು ಜನ, ಏನು ಕೆಲಸ, ಊರು ಯಾವುದು ಎಂದೆಲ್ಲ ಕೇಳಿದ ಮೇಲೆ, ವಯಸ್ಸಾದವರು ಯಾರಾದರೂ ಇದ್ದಾರಾ ಎಂದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಫಿ ಮುಗಿಯುವುದರೊಳಗೆ ಅವರ ಮಗಳು ಅದೇ ಮನೆಗೆ ಮುಂದಿನ ತಿಂಗಳು ಬರುವವಳಿದ್ದಾಳೆ ಎಂಬುದು ಅವರಿಗೆ ನೆನಪಾಯಿತು. ಟಿನ್ ಫ್ಯಾಕ್ಟರಿಯ ಹತ್ತಿರದ ಬ್ರೋಕರ್ ಇನ್ನೂ ಚುರುಕು. ಮೊದಲು ನೀವು ಗಂಡ ಹೆಂಡತಿ ಸೇರಿಕೊಂಡುಬಿಡಿ ಮೇಡಂ, ಆಮೇಲೆ ಅಮ್ಮನನ್ನು ಕರೆದುಕೊಂಡು ಬನ್ನಿ, ಬಂದ ಮೇಲೆ ಯಾರು ಕೇಳುತ್ತಾರೆ ಎಂದ. ಹೆತ್ತ ತಾಯಿಯನ್ನು ಕದ್ದ ಮಾಲಿನ ಹಾಗೆ ತಂದಿಡಬೇಕಂತೆ. ಅವನಿಗೆ ಮುಖಕ್ಕೆ ಹೊಡೆದ ಹಾಗೆ ಎರಡು ಮಾತು ಹೇಳಿ ಬಸ್ಸು ಹತ್ತಿದೆ.

ಬೇಡ ಎನ್ನದವರು ಒಬ್ಬರೇ. ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹಣ್ಣಿನ ಗೋದಾಮಿನ ಮೇಲೆ ಎರಡು ಕೋಣೆ ಇಟ್ಟುಕೊಂಡಿದ್ದ ಸಾಬರು, ಬಿಳಿ ಗಡ್ಡ, ದಖನಿ ಬೆರೆತ ಕನ್ನಡ. ಮೌತ್, ಸಾವು, ಎಲ್ಲರ ಮನೆಗೂ ಬರುತ್ತೆ ಬೇಟಿ, ಅದಕ್ಕೆ ಬಾಡಿಗೆ ಮನೆ ಸ್ವಂತ ಮನೆ ಗೊತ್ತಾಗಲ್ಲ ಎಂದರು. ಆಮೇಲೆ ತಾವೇ ನನ್ನನ್ನು ಮೆಟ್ಟಿಲ ಹತ್ತಿರ ಕರೆದೊಯ್ದು ತೋರಿಸಿದರು. ಅದು ಮೆಟ್ಟಿಲಲ್ಲ, ಏಣಿ. ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯುವಂತಿಲ್ಲ. ನಿಮ್ಮ ಅಮ್ಮನನ್ನು ಹೇಗೆ ಏರಿಸುತ್ತೀರಿ, ಆಮೇಲೆ ಹೇಗೆ ಇಳಿಸುತ್ತೀರಿ ಎಂದು ಅವರು ಕೇಳಿದರು. ಅವರು ಕೊಟ್ಟ ಒಂದು ಸೀತಾಫಲವನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ಅವ್ವ ಅದರ ಒಂದು ತೊಳೆಯನ್ನು ಚೀಪಿದಳು.

ಮಹಾಲಯ ಅಮಾವಾಸ್ಯೆಯ ಬೆಳಗ್ಗೆ ಓನರಮ್ಮ ಮತ್ತೆ ಮೇಲೆ ಬಂದರು. ಗಡುವು ನೆನಪಿಸಲು ಬಂದರು ಎಂದುಕೊಂಡು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿದ್ಧಳಾದೆ. ಅವರು ಬಾಗಿಲಲ್ಲೇ ನಿಂತು, ಮಿಸ್ಸು, ಒಂದು ಸಹಾಯ ಆಗ್ಬೇಕಿತ್ತು ಎಂದರು.

ಅವರದು ಇಲ್ಲಿಯ ಹಳೆಯ ಕುಟುಂಬ. ಇದು ಹಳ್ಳಿಯಾಗಿದ್ದಾಗಿನಿಂದ ಇದ್ದವರು. ಅವರು ಮದುವೆಯಾಗಿ ಬಂದಾಗ ಈ ಗಲ್ಲಿಯಿಂದ ಕೆ.ಆರ್. ಪುರದ ಕಡೆಗೆ ನಡೆದರೆ ಎಡಕ್ಕೂ ಬಲಕ್ಕೂ ರಾಗಿ ಹೊಲ, ಸೊಪ್ಪಿನ ಮಡಿ. ನಸುಕಿನಲ್ಲಿ ಸೊಪ್ಪು ಕಟ್ಟಿಕೊಂಡು ಅತ್ತೆಯ ಜೊತೆ ರಸೆಲ್ ಮಾರುಕಟ್ಟೆಗೆ ಹೋಗುತ್ತಿದ್ದರಂತೆ. ಮಾವ, ಅತ್ತೆ ಸತ್ತಾಗ ಹೊಲದ ಮೂಲೆಯಲ್ಲೇ ಮಣ್ಣು ಮಾಡಿ ಕಲ್ಲು ನಿಲ್ಲಿಸಿದ್ದರು. ಆಮೇಲೆ ಗಂಡನ ಕಡೆಯ ಅಣ್ಣತಮ್ಮಂದಿರು ಹೊಲ ಮಾರಿದರು. ಗುದ್ದಿನ, ಅಂದರೆ ಸಮಾಧಿಯ, ಜಾಗ ಮುಟ್ಟುವುದಿಲ್ಲ ಎಂದು ಕೊಂಡವರು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದರಂತೆ. ಈಗ ಅಲ್ಲಿ ದೊಡ್ಡ ಅಪಾರ್ಟ್‌ಮೆಂಟು. ಪ್ರತಿ ವರ್ಷ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡಲು ಹೋದರೆ ಗೇಟಿನ ಹಳೆಯ ಕಾವಲುಗಾರ ಬಿಡುತ್ತಿದ್ದ. ಈ ವರ್ಷ ಅವನಿಲ್ಲ. ಬೆಳಗ್ಗೆ ಮಗ ಹೋಗಿ ಕೇಳಿದ್ದಕ್ಕೆ, ಒಳಗಿನವರು ಯಾರಾದರೂ ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟರೆ ಮಾತ್ರ ಬಿಡುತ್ತೇವೆ, ನಿಮಗೆ ಒಳಗೆ ಯಾರು ಗೊತ್ತು ಎಂದು ಕೇಳಿದರಂತೆ. ಒಳಗೆ ಅವರಿಗೆ ಗೊತ್ತಿದ್ದವರೆಲ್ಲ ಮಣ್ಣಿನ ಕೆಳಗಿದ್ದರು.

ಆ ಅಪಾರ್ಟ್‌ಮೆಂಟಿನಲ್ಲಿ ನನಗೊಬ್ಬ ವಿದ್ಯಾರ್ಥಿನಿ ಇದ್ದಾಳೆ. ಗಂಡನ ಕೆಲಸದ ಹಿಂದೆ ದೆಹಲಿ, ಸಿಂಗಪುರ, ಲಂಡನ್ ಎಂದು ತಿರುಗಿ ಬಂದ ಹೆಂಗಸು, ವಾರಕ್ಕೆರಡು ಸಂಜೆ ನನ್ನಿಂದ ಕನ್ನಡ ಕಲಿಯುತ್ತಾಳೆ. ನಿಮ್ಮ ಊರು ಯಾವುದು ಎಂಬ ಪಾಠಕ್ಕೆ ಬಂದಾಗ ಗೊತ್ತಿಲ್ಲ ಎಂದು ಬರೆದಿದ್ದಳು. ಬೆಂಗಳೂರಿಗೆ ಬಂದವರೆಲ್ಲ ಮೊದಲು ಕಲಿಯುವ ಕನ್ನಡ ಅದೇ. ಅವಳಿಗೆ ಫೋನು ಮಾಡಿದೆ. ಏನು ಎತ್ತ ಎಂದು ಕೇಳದೆ ಒಪ್ಪಿಗೆ ಕಳಿಸಿದಳು.

ಓನರಮ್ಮ, ನಾನು ಆಟೊದಲ್ಲಿ ಹೋದೆವು. ಅವರ ಮಡಿಲಲ್ಲಿ ಸ್ಟೀಲಿನ ಕ್ಯಾರಿಯರ್, ಅದರಲ್ಲಿ ಮುದ್ದೆ, ಮಟನ್ ಸಾರು, ಪಾಯಸ. ಚೀಲದಲ್ಲಿ ಬಾಳೆಎಲೆ, ಹೊಸ ಪಂಚೆ, ಸೀರೆ, ಮಾವನಿಗೆಂದು ಒಂದು ಕಟ್ಟು ಬೀಡಿ. ಗೇಟಿನಲ್ಲಿ ಕಾವಲುಗಾರ ಆಕೆಯ ಫೋಟೊ ತೆಗೆದುಕೊಂಡ. ಯಾರ ಮನೆಗೆ ಬಂದಿದ್ದೀರಿ ಎಂದು ಕೇಳಿದಾಗ ಆಕೆ ನನ್ನ ಮುಖ ನೋಡಿದರು. ನಾನು ನನ್ನ ವಿದ್ಯಾರ್ಥಿನಿಯ ಮನೆಯ ನಂಬರ್ ಹೇಳಿದೆ. ನನ್ನ ಮನಸ್ಸಿನ ಒಂದು ಮೂಲೆ, ಅನುಭವಿಸಿ, ಹೋಗು ಅನ್ನಿಸಿಕೊಳ್ಳುವುದು ಹೇಗಿರುತ್ತದೆ ಅಂತ ಗೊತ್ತಾಗಲಿ, ಎಂದಿತು. ಎಂದದ್ದನ್ನು ಇಲ್ಲ ಎನ್ನಲಾರೆ.

ಕಲ್ಲುಗಳಿದ್ದದ್ದು ಜನರೇಟರ್ ಕೋಣೆಯ ಹಿಂದೆ. ಅವುಗಳಿಗೆ ಒರಗಿಸಿ ಕಸದ ಡಬ್ಬಿಗಳನ್ನು ಇಟ್ಟಿದ್ದರು, ಹಸಿ ಕಸದ್ದು ಒಂದು, ಒಣ ಕಸದ್ದು ಒಂದು. ಇಬ್ಬರೂ ಸೇರಿ ಡಬ್ಬಿಗಳನ್ನು ಸರಿಸಿದೆವು. ಆಕೆ ಬಾಟಲಿಯ ನೀರಿನಲ್ಲಿ ಕಲ್ಲು ತೊಳೆದು, ಅರಿಸಿನ ಕುಂಕುಮ ಇಟ್ಟು, ಎಲೆ ಹಾಸಿ ಬಡಿಸಿದರು. ಅತ್ತೆಯ ಎಲೆಗೆ ಸಾರು ಕಡಿಮೆ, ಪಾಯಸ ಜಾಸ್ತಿ. ಅಷ್ಟರಲ್ಲಿ ಬೆಳಗಿನ ನಡಿಗೆಗೆ ಬಂದಿದ್ದ ಒಬ್ಬರು ಮಾಂಸದ ವಾಸನೆಗೆ ಮೂಗು ಹಿಡಿದು, ಇದೇನು ಇಲ್ಲಿ ಎಂದು ಇಂಗ್ಲಿಷಿನಲ್ಲಿ ದಬಾಯಿಸಿದರು. ನಾನು ಕನ್ನಡದಲ್ಲೇ ದಬಾಯಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ, ಹೊರಟುಹೋದರು. ಓನರಮ್ಮ ಇದಾವುದರ ಕಡೆಗೂ ತಿರುಗದೆ ಬೀಡಿ ಹಚ್ಚಿ ಕಲ್ಲಿನ ಮುಂದಿಟ್ಟರು.

"ನಾವು ಎಲ್ಲಿಗೂ ಹೋಗ್ಲಿಲ್ಲ ಮಿಸ್ಸು," ಎಂದರು. "ಇದ್ದಲ್ಲೇ ಇದ್ವಿ. ಊರೇ ನಮ್ಮನ್ನ ಬಿಟ್ಟು ಹೋಯ್ತು."

ಆಕೆಯ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತೋ. ಗುಳೆ ಹೋದವರಿಗೆ ಮಾತ್ರ ಊರು ತಪ್ಪುತ್ತದೆ ಎಂದು ನಾನು ತಿಳಿದಿದ್ದೆ. ಈಕೆ ಹೊಸಿಲು ದಾಟದೆ ಕಳೆದುಕೊಂಡಿದ್ದರು. ನನಗೆ ಅಳು ಬಂತು, ಆಕೆಗೆ ಬರಲಿಲ್ಲ. ಆಕೆ ಅಲ್ಲೇ ಕೂತು ಎಡೆಯಲ್ಲಿದ್ದ ಮುದ್ದೆಯ ಒಂದು ತುತ್ತನ್ನು ಸಾರಿನಲ್ಲಿ ಅದ್ದಿ ನನಗೆ ಕೊಡಲು ಬಂದರು. ನಮ್ಮ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ ಎಂಬುದು ನೆನಪಾಗಿ ಕೈ ಹಿಂದೆಗೆದು ಪಾಯಸ ಬಡಿಸಿದರು.

ಆಟೊದಲ್ಲಿ ಹಿಂದಿರುಗುವಾಗ ನನಗೆ ಧೈರ್ಯ ಬಂತು. ಈಗ ಕೇಳಿದರೆ ಒಪ್ಪಿಯಾರು ಅನ್ನಿಸಿತು. ಅಮ್ಮಾ, ನಮ್ಮ ಅವ್ವನ ವಿಷಯ, ಎಂದು ಶುರು ಮಾಡಿದೆ. ಆಕೆ ಹೊರಗೆ ನೋಡುತ್ತಲೇ ಇದ್ದರು. ಮೇಲೆ ಮೆಟ್ರೊ ಹೋಗುತ್ತಿತ್ತು.

"ಅದೇ ಬೇರೆ, ಇದೇ ಬೇರೆ ಮಿಸ್ಸು," ಎಂದರು.

ನವರಾತ್ರಿ ಶುರುವಾಯಿತು. ಕೆಳಗೆ ಓನರಮ್ಮನ ದೇವರ ಮುಂದೆ ಹಗಲಿರುಳು ಆರದ ದೀಪ, ಮೇಲೆ ನಮ್ಮಲ್ಲಿ ಅವ್ವನ ಉಸಿರು. ಗಂಡ ರಜೆ ಕೇಳಿದರೆ ಸಿಗಲಿಲ್ಲ. ನಾನು ದಸರಾ ರಜೆಯಲ್ಲಿ ಮನೆಯಲ್ಲೇ ಇದ್ದು, ಅವ್ವನ ಮಗ್ಗುಲು ಬದಲಿಸುತ್ತ, ಕೆಳಗಿನಿಂದ ಬರುವ ಪ್ರತಿಯೊಂದು ಹೆಜ್ಜೆಗೂ ಹೆದರುತ್ತ ಕೂತೆ. ಕೊನೆಗೆ ನಾನು ದೇವರನ್ನು ಕೇಳಿಕೊಂಡದ್ದು ಅವ್ವ ಬದುಕಲಿ ಎಂದಲ್ಲ. ಯಾರಾದರೂ ಬಂದು ಏಳಿ ಅನ್ನುವ ಮೊದಲು ಅವಳು ಹೋಗಿಬಿಡಲಿ ಎಂದು. ಮಗಳು ತಾಯಿಗಾಗಿ ಕೇಳಿಕೊಳ್ಳುವಂಥದ್ದೇ ಇದು? ಆದರೆ ಕೇಳಿಕೊಂಡೆ.

ಒಂದು ಬೆಳಗ್ಗೆ, ಗಂಡ ಪಾಳಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದಾಗ, ಅವ್ವ ಹೋದಳು. ನಾನು ಅವಳ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದೆ. ಉಸಿರು ನಿಂತದ್ದು ನನ್ನ ಬೆರಳಿಗೆ ಮೊದಲು ಗೊತ್ತಾಯಿತು.

ಅಳುವುದಕ್ಕೆ ಪುರಸೊತ್ತಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ, ಕೂಡ್ರಿಸಿ ಕಳಿಸುತ್ತೇವೆ. ಕಾಲು ಮಡಿಸಿ, ಬೆನ್ನು ಗೋಡೆಗೆ ಕೊಟ್ಟು, ಹಣೆಗೆ ವಿಭೂತಿ ಹಚ್ಚಿ, ಪೂಜೆಗೆ ಕೂತ ಹಾಗೆ. ಮಣ್ಣು ಕೊಡುವುದೂ ಹಾಗೆಯೇ, ಕೂತ ಭಂಗಿಯಲ್ಲಿ. ಮೈ ಸೆಟೆಯುವ ಮೊದಲು ಇದಾಗಬೇಕು. ಅಣ್ಣ ಹೇಳಿದ ಹೊಲದ ಜಾಗಕ್ಕೆ ಆಂಬುಲೆನ್ಸಿನಲ್ಲಿ ಹೋಗಿ ಮುಟ್ಟುವ ಹೊತ್ತಿಗೆ ಒಂದಿಡೀ ದಿನ ಆಗುತ್ತದೆ, ಅಷ್ಟರಲ್ಲಿ ಯಾವ ಕೈಯೂ ಆ ಮೈಯನ್ನು ಮಡಿಸಲಾರದು. ಕೂಡ್ರಿಸುವುದಾದರೆ ಇಲ್ಲೇ, ಈಗಲೇ.

ಇಬ್ಬರೂ ಸೇರಿ ಅವಳನ್ನು ಗೋಡೆಗೆ ಆನಿಸಿ ಕೂಡ್ರಿಸಿದೆವು. ಕೈ ಬಿಟ್ಟರೆ ವಾಲುತ್ತಿದ್ದಳು. ತಲೆಯ ಎರಡು ಬದಿಗೆ ಗೋಡೆಯಲ್ಲಿ ಮೊಳೆ ಹೊಡೆದು, ಎದೆಗೂ ಹಣೆಗೂ ಬಟ್ಟೆ ಸುತ್ತಿ ಆ ಮೊಳೆಗಳಿಗೆ ಬಿಗಿಯಬೇಕು, ನಮ್ಮ ಕಡೆ ಮಾಡುವುದು ಹಾಗೆ. ಆದರೆ ಬಾಡಿಗೆ ಮನೆಯ ಗೋಡೆ ಅದು. ನಾವು ಬಂದ ದಿನ ಓನರಮ್ಮ ಹಾಕಿದ ಮೊದಲ ಕಟ್ಟಳೆಯೇ ಗೋಡೆಗೆ ಮೊಳೆ ಹೊಡೆಯಬಾರದು ಎಂಬುದು. ಕ್ಯಾಲೆಂಡರ್ ಕೂಡ ನಾವು ಕಿಟಕಿಯ ಸರಳಿಗೆ ನೇತು ಹಾಕಿದ್ದೆವು. ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ಒಂದು ಹೆಗಲು ಹಿಡಿದರು, ನಾನು ಇನ್ನೊಂದು. ಹಾಗೇ ಹಿಡಿದುಕೊಂಡು ಕೂತೆವು. ಬಿಟ್ಟು ಎದ್ದು ಫೋನು ಮಾಡುವಂತಿಲ್ಲ, ಯಾರನ್ನೂ ಕರೆಯುವಂತಿಲ್ಲ. ಒಬ್ಬರು ಎದ್ದರೆ ಅವ್ವ ಆ ಕಡೆಗೆ ಬೀಳುತ್ತಾಳೆ.

ಮೆಟ್ಟಿಲಲ್ಲಿ ಓನರಮ್ಮನ ಹೆಜ್ಜೆ ಕೇಳಿಸಿತು, ಒಂದು ಕಾಲು ಎಳೆದು ಹಾಕುವ ಹೆಜ್ಜೆ. ಅವ್ವ ಸತ್ತಾಗ ನಾನು ಹೊರಡಿಸಿದ ದನಿ ಅವರಿಗೆ ಕೇಳಿಸಿರಬೇಕು. ಬಾಗಿಲಲ್ಲಿ ನಿಂತರು. ಹಿಂದೆ ಮಗ, ಕೈಯಲ್ಲಿ ಫೋನು. ಅವನು ಅವ್ವನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಅಮ್ಮಾ, ಪುರೋಹಿತರಿಗೆ ಫೋನ್ ಮಾಡಿ ಯಾವ ನಕ್ಷತ್ರ ಅಂತ ಕೇಳ್ಬಿಡ್ತೀನಿ ಎಂದು ಮೆಲ್ಲಗೆ ಹೇಳಿದ. ಇನ್ನೊಂದು ಗಳಿಗೆಯಲ್ಲಿ ಹೊರಗೆ ತೆಗೆದುಕೊಂಡು ಹೋಗಿ ಅನ್ನುತ್ತಾರೆ ಎಂದು ಕಾದೆ.

"ಫೋನ್ ಒಳಗಿಡು," ಎಂದರು ಓನರಮ್ಮ. "ಕೇಳಿದ್ರೆ ತಾನೆ ದೋಷ."

ಆಮೇಲೆ ನನ್ನ ಕಡೆ ತಿರುಗಿ, ಯಾಕೆ ಹೀಗೆ ಹಿಡಿದುಕೊಂಡು ಕೂತಿದ್ದೀರಿ ಎಂದು ಕೇಳಿದರು. ನಾನು ಹೇಳಿದೆ. ಕೂಡ್ರಿಸುವ ಪದ್ಧತಿ, ಮೊಳೆಯ ವಿಷಯ ಎಲ್ಲ ಹೇಳಿದೆ. ಆಕೆ ಗೋಡೆಯನ್ನು ನೋಡಿದರು. ಹಬ್ಬಕ್ಕೆಂದು ಕಟ್ಟಡಕ್ಕೆಲ್ಲ, ಒಳಗೋಡೆಗಳಿಗೂ ಸೇರಿಸಿ, ಸುಣ್ಣಬಣ್ಣ ಮಾಡಿಸಿದ್ದರು, ತಿಳಿ ಹಸಿರು, ಇನ್ನೂ ಬಣ್ಣದ ವಾಸನೆ ಹೋಗಿರಲಿಲ್ಲ. ಮಗನಿಗೆ ಸುತ್ತಿಗೆ, ಮೊಳೆ ತೆಗೆದುಕೊಂಡು ಬಾ ಎಂದರು.

ಅವನು ತಂದ. ತಂದವನು ಹೊಡೆಯಲು ಹಿಂದೆ ಮುಂದೆ ನೋಡಿದ, ಹೆಣದ ಹತ್ತಿರ ಬರಲು ಅವನಿಗೆ ಭಯ. ಓನರಮ್ಮ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ನೋಯುವ ಮೊಣಕಾಲು ಊರಿ ನೆಲದ ಮೇಲೆ ಕೂತರು. ಮೊದಲ ಮೊಳೆ ಕಾಂಕ್ರೀಟಿಗೆ ತಗುಲಿ ಬಾಗಿತು. ಇನ್ನೂ ದಪ್ಪದ್ದು ಕೊಡು ಎಂದರು. ಎರಡನೆಯದು ಇಳಿಯಿತು. ಆಮೇಲೆ ಇನ್ನೊಂದು ಬದಿಗೆ ಬಂದು ಅಲ್ಲೂ ಹೊಡೆದರು. ಹೊಸ ಬಣ್ಣದ ಗಾರೆ ಚಕ್ಕೆ ಎದ್ದು ಅವ್ವನ ತಲೆಯ ಮೇಲೆ, ಹೆಗಲ ಮೇಲೆ ಉದುರಿತು. ಸುತ್ತಿಗೆ ಕೆಳಗಿಟ್ಟು, ಸೆರಗಿನ ತುದಿಯಿಂದ ಆ ಪುಡಿಯನ್ನು ಒರೆಸಿದರು, ಕೂದಲಿನದು, ರೆಪ್ಪೆಯ ಮೇಲಿನದು. ನನ್ನ ಕೈ ಬಿಡಿಸಿ, ಅವ್ವನ ತಲೆಯನ್ನು ತಮ್ಮ ಹೆಗಲಿಗೆ ಆನಿಸಿಕೊಂಡರು.

ನಾನು ಬಟ್ಟೆ ಹರಿದು ಮೊಳೆಗೆ ಸುತ್ತತೊಡಗಿದೆ. ಗಂಟು ನಿಲ್ಲುತ್ತಿರಲಿಲ್ಲ, ಹಾಕಿದ್ದೆಲ್ಲ ಬಿಚ್ಚಿಹೋಗುತ್ತಿತ್ತು.

"ನಿಧಾನಕ್ಕೆ ಕಟ್ಟಿ ಮಿಸ್ಸು," ಎಂದರು ಓನರಮ್ಮ. "ಅವಸರ ಏನಿಲ್ಲ."